ಆಕಾಶನೌಕೆ ವಾಲುವ ದೃಶ್ಯ

ಮೆಟ್ರೋ ರೈಲು ನಿಲ್ದಾಣ ಸೇರುವ ಮುನ್ನ ಒಮ್ಮೆ ಗಕ್ಕನೆ ವೇಗ ತಗ್ಗಿಸುತ್ತದಲ್ಲ, ಆ ಅರೆಕ್ಷಣದಲ್ಲಿ ನಿಂತವರೆಲ್ಲ ಒಂದೇ ದಿಕ್ಕಿಗೆ ವಾಲುತ್ತಾರೆ. ಫೋನಿನಲ್ಲಿ ಮುಳುಗಿದ ಹುಡುಗಿ, ಮುಖರ್ಜಿ ನಗರದ ಐಎಎಸ್ ಕೋಚಿಂಗಿಗೆ ಹೊರಟು ಕಣ್ಣುಮುಚ್ಚಿ ಸಂವಿಧಾನದ ವಿಧಿಗಳನ್ನು ಮಣಮಣಿಸುವ ಯುವಕ, ಊಟದ ಡಬ್ಬಿಯನ್ನು ಎದೆಗವಚಿಕೊಂಡ ಗುಮಾಸ್ತ, ಯಾರೂ ಯಾರಿಗೂ ಪರಿಚಿತರಲ್ಲ, ಆದರೂ ವರ್ಷಗಟ್ಟಲೆ ತಾಲೀಮು ಮಾಡಿದ ನೃತ್ಯತಂಡದಂತೆ ಒಟ್ಟಿಗೆ ಬಾಗಿ ಒಟ್ಟಿಗೆ ನೆಟ್ಟಗಾಗುತ್ತಾರೆ. ದೆಹಲಿಯ ರೋಹಿಣಿ ಬಡಾವಣೆಯಿಂದ ಮೆಟ್ರೋದ ಹಳದಿ ಮಾರ್ಗದಲ್ಲಿ ಹನ್ನೊಂದು ವರ್ಷದಿಂದ ಕಚೇರಿಗೆ ಹೋಗಿಬರುವ ನಾನು ಮಾತ್ರ ವಾಲುವುದಿಲ್ಲ. ಬ್ರೇಕಿನ ಸುಳಿವು ಸಿಕ್ಕೊಡನೆ ಕಂಬವನ್ನು ಅಪ್ಪಿಕೊಂಡು, ಉಳಿದವರು ವಾಲುವುದನ್ನು ನೋಡುತ್ತೇನೆ.

ಈ ವಿಚಿತ್ರ ಆಸಕ್ತಿಗೆ ಒಂದು ಪೂರ್ವಕಥೆಯಿದೆ. ನಗುವುದಾದರೆ ಈಗಲೇ ನಕ್ಕುಬಿಡಿ, ಮುಂದೆ ನಿಮಗೆ ಸಂಕೋಚವಾದೀತು: ನಾನು ಭಾನುವಾರಗಳನ್ನು ಅಭಿಮಾನಿಗಳು ತೆಗೆದ ಚಲನಚಿತ್ರಗಳನ್ನು ನೋಡುತ್ತಾ ಕಳೆಯುವವನು. ನಾವು ಚಿಕ್ಕವರಿದ್ದಾಗ ದೂರದರ್ಶನದಲ್ಲಿ ತಾರೆಗಳ ನಡುವೆ ಅಲೆಯುವ ನೌಕೆಯೊಂದರ ವಿದೇಶಿ ಧಾರಾವಾಹಿ ಬರುತ್ತಿತ್ತು. ಹೆಸರು ಹೇಳುವುದಿಲ್ಲ, ಅದರ ಭಕ್ತರು ತಪ್ಪು ಹಿಡಿಯುವುದರಲ್ಲಿ ವ್ಯಾಕರಣ ಪಂಡಿತರನ್ನೂ ಮೀರಿಸಿದವರು. ಧಾರಾವಾಹಿ ಮುಗಿದು ದಶಕಗಳಾದರೂ ಅವರು ಅದನ್ನು ಮುಗಿಯಲು ಬಿಟ್ಟಿಲ್ಲ. ಯಾವುದೋ ದೇಶದ ವಿಮಾ ಗುಮಾಸ್ತ ತನ್ನ ಕಾರು ಶೆಡ್ಡಿನಲ್ಲಿ ನೌಕೆಯ ನಿಯಂತ್ರಣ ಕೊಠಡಿ ಕಟ್ಟುತ್ತಾನೆ, ಹೆಂಡತಿ ಸಮವಸ್ತ್ರ ಹೊಲಿಯುತ್ತಾಳೆ, ಭಾವಮೈದುನ ಹಸಿರು ಬಣ್ಣ ಬಳಿದುಕೊಂಡು ಅನ್ಯಗ್ರಹದವನಾಗುತ್ತಾನೆ. ನಾಯಕನಿಗೆ ಹೊಟ್ಟೆ ಬಂದಿರುತ್ತದೆ, ಅಂತರಿಕ್ಷದ ಅಂಚಿನಲ್ಲಿ ಪರದೆಯ ಕೊಂಡಿ ಕಾಣುತ್ತದೆ. ಇವರನ್ನು ಎಳೆದು ತರುವುದು ಆಕಾಶದ ಆಕರ್ಷಣೆಯಲ್ಲ ಎಂಬ ಅನುಮಾನ ನನಗೆ ಬಹಳ ಕಾಲದಿಂದಿದೆ. ಆ ಕೊಠಡಿಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಕುರ್ಚಿಯಿರುತ್ತದೆ, ಮತ್ತು ಆ ಕುರ್ಚಿ ಖಾಲಿಯಾದರೆ ನೌಕೆ ಮುಂದೆ ಹೋಗುವುದಿಲ್ಲ. ಭೂಮಿಯಲ್ಲಿ ಇಂಥ ಏರ್ಪಾಡು ಅಪರೂಪ.

ನಾವೂ ಒಂದು ಚಿತ್ರ ತೆಗೆದಿದ್ದೆವು. ಎಂ.ಎ. ಓದುವಾಗ ನಾನು ಮುಖರ್ಜಿ ನಗರದಲ್ಲಿ ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿದ್ದೆ. ಸಹಪಾಠಿ ಪೂವಯ್ಯ ಕೊಡಗಿನವನು. ಅವನ ತಂದೆ ಸೈನ್ಯದಲ್ಲಿದ್ದುದರಿಂದ ಅವನ ಬಳಿ ನಮ್ಮಲ್ಲಿ ಯಾರ ಬಳಿಯೂ ಇಲ್ಲದ ಎರಡು ವಸ್ತುಗಳಿದ್ದವು, ಒಂದು ವಿಡಿಯೋ ಕ್ಯಾಮರಾ, ಇನ್ನೊಂದು ಆಜ್ಞೆ ಮಾಡುವ ಧ್ವನಿ. ಶಿವಮೊಗ್ಗದ ನಸ್ರೀನ್ ನಾಯಕಿ. ಸರೋಜಿನಿ ನಗರದ ಅಗ್ಗದ ಬಜಾರಿನಲ್ಲಿ ಗುಡ್ಡೆ ಹಾಕಿದ್ದ ಬಟ್ಟೆಗಳಿಂದ ಸಮವಸ್ತ್ರಕ್ಕೆಂದು ಸ್ವೆಟರುಗಳನ್ನು ಆರಿಸಿದಾಗ ನೀಲಿಯವು ಎರಡೇ ಸಿಕ್ಕವು, ಮೂರನೆಯದು ಕಂದುಗೆಂಪು; ಅದು ನನಗೆ ಬಂತು. ಮೇ ತಿಂಗಳ ದೆಹಲಿಯಲ್ಲಿ ಮೂವರು ಉಣ್ಣೆ ಹುಡುಕುತ್ತಿರುವುದನ್ನು ಕಂಡ ಅಂಗಡಿಯ ಭಯ್ಯಾ ನಮ್ಮ ಯೋಗಕ್ಷೇಮ ವಿಚಾರಿಸಿದ್ದ. ಕೋಣೆಗೆ ತಂಪುಗಾಳಿ ಬೀಸುವ ಡೆಸರ್ಟ್ ಕೂಲರೇ ನಮ್ಮ ಎಂಜಿನ್ನು. ಅದರ ಗರ್ಜನೆಯನ್ನು ನಂಬಿ ಎಲ್ಲ ಸಂಭಾಷಣೆ ಬರೆದಿದ್ದರಿಂದ, ಕರೆಂಟು ಹೋದಾಗಲೆಲ್ಲ ನೌಕೆ ಅಂತರಿಕ್ಷದ ನಡುವೆ ಕೆಟ್ಟು ನಿಲ್ಲುತ್ತಿತ್ತು.

ಆ ಚಿತ್ರದ ಒಂದೇ ಒಂದು ಕ್ಷಣ ನನಗೆ ನಿಚ್ಚಳವಾಗಿ ನೆನಪಿದೆ, ಅಥವಾ ನೆನಪಿದೆ ಎಂದುಕೊಂಡಿದ್ದೆ. ಶತ್ರುವಿನ ಹೊಡೆತ ಬಿದ್ದು ನೌಕೆ ವಾಲುವ ದೃಶ್ಯ. ಪೂವಯ್ಯ, ನಸ್ರೀನ್ ಎಡಕ್ಕೆ ವಾಲಿದರೆ ನಾನೊಬ್ಬ ಬಲಕ್ಕೆ ವಾಲಿದೆ, ಪೂವಯ್ಯ ಎಲ್ಲರೆದುರು ಬೈದ. ದಿನಚರಿಯಲ್ಲೂ ಸಾಕ್ಷ್ಯವಿದೆ: ‘ವಾಲುವ ದೃಶ್ಯ. ನನ್ನಿಂದ ಕೆಟ್ಟಿತು. ಪೂವಯ್ಯ ಬೈದ.’ ನೆನಪನ್ನು ನಂಬಬಾರದೆಂದೇ ದಿನಚರಿ ಇಡುವ ನಾನು, ದಿನಚರಿಯೂ ನನ್ನದೇ ಕೈಬರಹ ಎಂಬುದನ್ನು ಮರೆತಿದ್ದೆ. ಈ ಮೂರು ವಾಕ್ಯಗಳ ಅಡಿಪಾಯದ ಮೇಲೆ ಇಪ್ಪತ್ತು ವರ್ಷ ಒಂದು ಜೀವನದರ್ಶನವನ್ನೇ ಕಟ್ಟಿದೆ. ಜನ ಒಂದು ಕಡೆ, ನಾನು ಇನ್ನೊಂದು ಕಡೆ. ಅದು ನನ್ನ ಧಾತು. ಮದುವೆಗಳಿಗೆ ಹೋಗದಿರಲು, ಕನ್ನಡ ಸಂಘದ ಹಬ್ಬಗಳನ್ನು ತಪ್ಪಿಸಲು, ಒಂಟಿಯಾಗಿಯೇ ಉಳಿಯಲು ಇಷ್ಟು ಚೆಂದದ ಸಮರ್ಥನೆ ಬೇರೆ ಸಿಗುತ್ತಿರಲಿಲ್ಲ. ನಸ್ರೀನ್ ಗುರುಗ್ರಾಮದಲ್ಲೇ ಇದ್ದಾಳೆ, ಇದೇ ಹಳದಿ ಮಾರ್ಗದ ಇನ್ನೊಂದು ತುದಿಯಲ್ಲಿ. ಒಂಬತ್ತು ವರ್ಷದಿಂದ ನಾವು ಭೇಟಿಯಾಗಿರಲಿಲ್ಲ. ಎರಡು ವರ್ಷದ ಹಿಂದೆ ಪೂವಯ್ಯ ಹೃದಯಾಘಾತದಿಂದ ತೀರಿಕೊಂಡ ಸುದ್ದಿಯನ್ನು ಅವಳೇ ಕಳಿಸಿದಾಗ, ನಾನು ಕೈಮುಗಿದ ಪುಟ್ಟ ಚಿತ್ರವೊಂದನ್ನು ಒತ್ತಿ ಕಳಿಸಿ ಸುಮ್ಮನಾದೆ. ಫೋನು ಮಾಡಬೇಕಿತ್ತು. ಮಾಡದಿದ್ದುದಕ್ಕೂ ಅದೇ ದರ್ಶನ ಒದಗಿಬಂತು.

ಕಳೆದ ತಿಂಗಳು ನಸ್ರೀನ್ ಮನೆ ಬದಲಿಸುವಾಗ ಆ ಟೇಪು ಸಿಕ್ಕಿತು. ಅವಳ ಮಗಳು ಝೋಯಾ ಅದನ್ನು ಯಾವುದೋ ಅಂಗಡಿಯಲ್ಲಿ ಪರಿವರ್ತಿಸಿ, ಒಪ್ಪಮಾಡಿ, ನನಗೆ ಕಳಿಸಿದಳು. ಹನ್ನೊಂದು ನಿಮಿಷ. ಭಾನುವಾರ ಮಧ್ಯಾಹ್ನ, ಊಟದ ತಟ್ಟೆ ಮುಂದಿಟ್ಟುಕೊಂಡು, ನನ್ನ ತಾರುಣ್ಯವನ್ನು ನೋಡಲು ಕುಳಿತೆ. ನಸ್ರೀನ್ ಇದ್ದಳು, ಬೆವರಿನಿಂದ ಹೊಳೆಯುತ್ತಾ. ಪೂವಯ್ಯ ಇದ್ದ, ಸ್ವೆಟರು ಜೋಲುವಷ್ಟು ತೆಳ್ಳಗೆ. ಕೂಲರು ಇತ್ತು. ನಾನಿರಲಿಲ್ಲ. ಮತ್ತೊಮ್ಮೆ ನೋಡಿದೆ, ನಿಲ್ಲಿಸಿ ನಿಲ್ಲಿಸಿ ನೋಡಿದೆ. ವಾಲುವ ದೃಶ್ಯದಲ್ಲಿ ಇಬ್ಬರೇ ವಾಲಿದರು. ಕಂದುಗೆಂಪು ಸ್ವೆಟರು ಎಲ್ಲೂ ಇಲ್ಲ. ಸಾರು ಆರಿತು. ನಾನು ಹೇಳಿಕೊಂಡು ಬಂದ ಗೆಳೆತನಗಳಲ್ಲಿ ಎಷ್ಟು ಹೀಗೆಯೋ ಎಂದು ಮೊದಲ ಬಾರಿಗೆ ಭಯವಾಯಿತು. ಬೈಸಿಕೊಳ್ಳಲು ಕೂಡ ಅಲ್ಲಿರಬೇಕಲ್ಲವೇ?

ಆ ಭಯವೇ ನನ್ನಿಂದ ಫೋನು ಮಾಡಿಸಿತು. ನಸ್ರೀನ್ ನನ್ನ ಧ್ವನಿ ಕೇಳಿ ಆಶ್ಚರ್ಯವನ್ನೂ ತೋರಲಿಲ್ಲ, ಆಕ್ಷೇಪಣೆಯನ್ನೂ ಮಾಡಲಿಲ್ಲ. ನಿನ್ನೆ ಬಿಟ್ಟ ಮಾತನ್ನು ಮುಂದುವರಿಸುವವಳಂತಿದ್ದಳು. ನಾನು ಸುತ್ತಿ ಬಳಸಿ ವಿಷಯಕ್ಕೆ ಬಂದೆ. ಆ ಚಿತ್ರದಲ್ಲಿ ನಾನು ಇದ್ದೆನೇ?

“ನೀನಿಲ್ದೆ?” ಎಂದಳು. “ಕ್ಯಾಮರಾ ಏನು ತಾನಾಗೇ ನಿಂತಿತ್ತಾ ವಾಸು? ಅಚ್ಛಾ, ತಡಿ. ಝೋಯಾ ನಮ್ಮ ಹರಟೆನೆಲ್ಲ ಕತ್ತರಿಸಿಬಿಟ್ಟಿದಾಳೆ. ಅದನ್ನೂ ಕಳಿಸ್ತೀನಿ.”

ಕತ್ತರಿಸಿದ ತುಣುಕು ಸಂಜೆ ಬಂತು. ಚಿತ್ರ ಅಡ್ಡಾದಿಡ್ಡಿ ಅಲುಗುತ್ತದೆ, ಯಾರೋ ಒಬ್ಬ ಕೀರಲು ದನಿಯಲ್ಲಿ “ಒಂದು, ಎರಡು, ಬೀಳಿ” ಎನ್ನುತ್ತಾನೆ. ಆ ದನಿ ನನ್ನದೆಂದು ಒಪ್ಪಲು ಸ್ವಲ್ಪ ಹೊತ್ತು ಬೇಕಾಯಿತು. ಇಬ್ಬರೂ ವಾಲುತ್ತಾರೆ, ಆದರೆ ಚೌಕಟ್ಟಿನೊಳಗೆ ನೆಟ್ಟಗೇ ಕಾಣುತ್ತಾರೆ. ಹಿಂದಿನ ಕೂಲರು ಮಾತ್ರ ಓರೆಯಾಗುತ್ತದೆ. ಪೂವಯ್ಯ ಸ್ವೆಟರಿನ ತೋಳಿನಿಂದ ಹಣೆ ಒರೆಸಿಕೊಂಡು ನೇರ ಕ್ಯಾಮರಾದತ್ತ, ಅಂದರೆ ನನ್ನತ್ತ, ನಡೆದು ಬರುತ್ತಾನೆ.

“ಮತ್ತೆ ನಮ್ಮ ಜೊತೆಗೇ ವಾಲಿದ್ಯಲ್ಲೋ ಮಾರಾಯ. ನಾವು ಈ ಕಡೆ ಬಿದ್ರೆ ನೀನು ಕ್ಯಾಮರಾ ಹಿಡ್ಕೊಂಡು ಆ ಕಡೆ ಹೋಗ್ಬೇಕು. ನೀನೂ ಇತ್ಲಾಗೇ ಬಂದ್ರೆ ಹಡಗು ಅಲ್ಲಾಡೋದು ಹೇಗೆ?”

“ಬೇಕಂತ ಮಾಡ್ತಿಲ್ಲ ಕಣೋ,” ಎನ್ನುತ್ತದೆ ಆ ಕೀರಲು ದನಿ. “ನಿಮ್ಮನ್ನ ನೋಡ್ತಾ ಇದ್ರೆ ಅದಾಗೇ ವಾಲತ್ತೆ.”

ನಸ್ರೀನ್ ನಗುತ್ತಾಳೆ. ಪೂವಯ್ಯನೂ ನಕ್ಕು, “ಚಲೋ, ಇನ್ನೊಂದ್ಸಲ,” ಎಂದು ತನ್ನ ಜಾಗಕ್ಕೆ ಮರಳುತ್ತಾನೆ.

ಎಷ್ಟು ಸಲ ನೋಡಿದೆನೆಂದು ಹೇಳಲಾರೆ. ಬೈಗುಳ ನಿಜವಾಗಿತ್ತು, ತಪ್ಪು ನಿಜವಾಗಿತ್ತು. ದಿನಚರಿ ಸುಳ್ಳು ಹೇಳಿರಲಿಲ್ಲ. ದಿಕ್ಕೊಂದನ್ನೇ ನಾನು ತಿರುಗಿಸಿಟ್ಟುಕೊಂಡಿದ್ದೆ. ಅದು ಮರೆವೋ, ಅನುಕೂಲವೋ, ಈಗ ನಿರ್ಣಯಿಸುವವರು ಯಾರು? ಹೇಳಬಲ್ಲವರಿಬ್ಬರಲ್ಲಿ ಒಬ್ಬನ ಸಾವಿಗೆ ಕೈಮುಗಿದ ಚಿತ್ರ ಕಳಿಸಿ ಮುಗಿಸಿದ್ದೇನೆ.

ನಸ್ರೀನ್ ಮತ್ತೆ ಕರೆಮಾಡಿದಳು. ಟೇಪಿನಲ್ಲಿ ಕೊನೆಯ ದೃಶ್ಯವಿಲ್ಲವಂತೆ. ಅಂದು ಕ್ಯಾಮರಾದ ಬ್ಯಾಟರಿ ಮುಗಿದಿತ್ತು, ಆಮೇಲೆ ಪರೀಕ್ಷೆ, ಆಮೇಲೆ ಎಲ್ಲರ ಜೀವನ. ನೌಕೆ ಪಾರಾಯಿತೇ ಇಲ್ಲವೇ ಎಂದು ಝೋಯಾ ಪೀಡಿಸುತ್ತಿದ್ದಾಳಂತೆ. ಹಿಂದಿನಿಂದ ಅವಳ ದನಿಯೂ ಕೇಳಿತು: “ಅಂಕಲ್, ಸಂಡೇ ಬನ್ನಿ ನಾ. ಲಾಸ್ಟ್ ಸೀನ್ ಮಾಡೋಣ. ಕ್ಯಾಮರಾ ಮೈಂ ಪಕಡೂಂಗೀ, ನಾನೇ ಹಿಡ್ಕೋತೀನಿ, ನೀವು ಕೂತ್ಕೊಳ್ಳಿ.” ಪೂವಯ್ಯನ ಕುರ್ಚಿಯನ್ನು ಖಾಲಿ ಬಿಡುವುದೋ, ಯಾರಾದರೂ ಕೂರುವುದೋ ಎಂದು ತಾಯಿ ಮಗಳು ವಾದಿಸತೊಡಗಿದರು. ಬರಲಾಗುವುದಿಲ್ಲ ಎನ್ನಲು ನನ್ನ ಬಳಿ ಕಾರಣಗಳು ಸದಾ ಸಿದ್ಧವಿರುತ್ತವೆ. ಅಂದು ಹುಡುಕಿದರೆ ಒಂದೂ ಸಿಗಲಿಲ್ಲ. ಖಾಲಿ ಬಿಡೋಣ, ನಾನು ಪಕ್ಕದಲ್ಲಿ ಕೂರುತ್ತೇನೆ ಎಂದೆ.

ಹಾಗಾಗಿ ಈ ಭಾನುವಾರ, ಈಗ ಮೊಣಕೈ ದಾಟದ ಕಂದುಗೆಂಪು ಸ್ವೆಟರನ್ನು ಚೀಲದಲ್ಲಿಟ್ಟುಕೊಂಡು, ಹಳದಿ ಮಾರ್ಗದ ಕೊನೆಯವರೆಗೂ ಟಿಕೆಟ್ಟು ತೆಗೆದುಕೊಂಡೆ. ರೈಲು ನೆಲದಡಿಗೆ ಇಳಿದು, ನಮ್ಮ ಹಳೆಯ ತಾರಸಿಯ ಆಸುಪಾಸಿನಲ್ಲೆಲ್ಲೋ ಹಾಯುವಾಗ, ಎಂದಿನ ಬ್ರೇಕಿನ ಸುಳಿವು ಸಿಕ್ಕಿತು. ಕೈ ಅಭ್ಯಾಸಬಲದಿಂದ ಕಂಬದ ಕಡೆ ಹೋಯಿತು; ಆದರೆ ಚೀಲ ಹಿಡಿದ ಕೈಯದು, ತಡವಾಯಿತು. ನಾನೂ ವಾಲಿದೆ. ಪಕ್ಕದವರ ಭುಜಕ್ಕೆ ಭುಜ ತಾಗಿತು, ಅವರು ಸರಿಯಲಿಲ್ಲ. ಹನ್ನೊಂದು ವರ್ಷ ಆ ಕ್ಷಣದಲ್ಲಿ ಓರೆಯಾಗಿ ಕಂಡ ಜನ, ಅಂದು ಮೊದಲ ಬಾರಿಗೆ ನನಗೆ ನೆಟ್ಟಗೆ ನಿಂತಂತೆ ಕಂಡರು.