ಎತೆಲ್ಕಳ ಅಡುಗೆಮನೆಯಲ್ಲಿ ಬಾಣದ ಮೊನೆ

ಬೋದೊರ್ ಸಿಲಾರ್ಡ್ ನಮ್ಮೂರ ನೀರಿನ ಟ್ಯಾಂಕಿನ ಪಂಪು ನೋಡಿಕೊಳ್ಳುತ್ತಿದ್ದವನು. ನಲ್ಲಿಯಲ್ಲಿ ನೀರು ಬಾರದ ದಿನ ಮಾತ್ರ ಊರಿಗೆ ಅವನ ನೆನಪಾಗುತ್ತಿತ್ತು, ಅದೂ ಬೈಯುವುದಕ್ಕೆ. ನಿವೃತ್ತಿಯಾದ ಮೇಲೆ ಬೈಯುವವರೂ ಇಲ್ಲದೆ ಅವನಿಗೆ ಬೇಜಾರು ಹತ್ತಿಕೊಂಡಿತು. ಡಾಕ್ಟರು, "ದಿನಾ ತಿಸಾ ನದಿ ದಂಡೆ ಮೇಲೆ ಓಡಾಡಿ, ಏನಾದರೂ ಒಂದು ಹವ್ಯಾಸ ಹಿಡೀರಿ" ಅಂದರು. ಬೇರೆ ಗಂಡಸರಾಗಿದ್ದರೆ ಮೀನಿನ ಗಾಳ ಹಿಡಿಯುತ್ತಿದ್ದರು. ಇವನು ಸುತ್ತಿಗೆ ಹಿಡಿದ.

ಹಿಡಿದ ಸಮಯವಾದರೂ ಎಂಥದ್ದು! ಅವನ ಹೆಂಡತಿ ಎತೆಲ್ಕ ಸೊಂಟನೋವಿಗೆಂದು ಬಿಸಿನೀರಿನ ಬುಗ್ಗೆಯಿರುವ ಊರಿಗೆ, ತಂಗಿಯ ಮನೆಗೆ ಹೋಗಿದ್ದಳು. ಅವಳು ವಾಪಸು ಬರುವಷ್ಟರಲ್ಲಿ ಹಿತ್ತಲಿನ ಬೇಸಿಗೆ ಅಡುಗೆಮನೆಯಲ್ಲಿದ್ದ ಒಲೆ ಮಾಯವಾಗಿತ್ತು. ಅದರ ಜಾಗದಲ್ಲಿ ಇಟ್ಟಿಗೆಯ ಕುಲುಮೆ, ಮೇಕೆ ಚರ್ಮದ ತಿದಿ, ಮರದ ದಿಮ್ಮಿಯ ಮೇಲೆ ಕಬ್ಬಿಣದ ಅಡೆಗಲ್ಲು. ನಮ್ಮಿಬ್ಬರ ಹಿತ್ತಲ ನಡುವೆ ಇರುವುದು ಒಂದು ಹಲಗೆಯ ಬೇಲಿ ಅಷ್ಟೆ. ನಾನು ವಾಲ್‌ನಟ್ ಮರದ ಕೆಳಗೆ ಜಪಮಾಲೆ ಹಿಡಿದು ಕೂತಿದ್ದೆ. ಅಂದಿನ ಜಪ ಅಲ್ಲಿಗೇ ನಿಂತಿತು.

"ನನ್ನ ಒಲೆ ಎಲ್ಲಿ?"

"ಶೆಡ್ಡಿನಲ್ಲಿದೆ. ಜೋಪಾನವಾಗಿದೆ ಕಣೇ."

"ನಾನು ಸತ್ತಿರಲಿಲ್ಲ ಸಿಲಾರ್ಡ್, ಸ್ನಾನಕ್ಕೆ ಹೋಗಿದ್ದೆ."

"ಬಾಣದ ಮೊನೆ ಮಾಡ್ತಿದ್ದೀನಿ. ನಮ್ಮ ಪೂರ್ವಿಕರು ಕುದುರೆ ಮೇಲೆ ಕೂತು ಬಿಡ್ತಿದ್ದರಲ್ಲ, ಅಂಥದ್ದು."

"ನಿನ್ನ ಪೂರ್ವಿಕರು ಅವರ ಹೆಂಡ್ತೀರ ಅಡುಗೆಮನೆ ಕಿತ್ತುಹಾಕಿ ಮಾಡ್ತಿದ್ದರಾ?"

"ಅವರು ಡೇರೆಯಲ್ಲಿ ಇರ್ತಿದ್ದರು."

"ಹಾಗಾದರೆ ನೀನೂ ಹೊರಗೆ ಡೇರೆ ಹಾಕ್ಕೋ!"

ಆ ಕೋಣೆ ಎತೆಲ್ಕಳಿಗೆ ಬರಿಯ ಕೋಣೆಯಲ್ಲ. ಪ್ಲಮ್ ಹಣ್ಣಾದಾಗ ಅವಳ ತಾಯಿ, ಅತ್ತೆ, ಎಲ್ಲರೂ ದೊಡ್ಡ ತಾಮ್ರದ ಹಂಡೆಯಲ್ಲಿ ಜಾಮ್ ಕಾಯಿಸಿದ್ದು ಅಲ್ಲೇ. ಸಕ್ಕರೆ ಹಾಕದ ಜಾಮ್. ಬೆಳಗಿನಿಂದ ಸಂಜೆಯವರೆಗೆ ಕೈಬಿಡದೆ ತಿರುವಿದರೆ ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾಗುತ್ತದೆ. ನಮ್ಮ ಬೀದಿಯ ಅರ್ಧ ಮನೆಗಳಿಗೆ ಕ್ರಿಸ್‌ಮಸ್ಸಿನ ಸಿಹಿ ರೊಟ್ಟಿಯೊಳಕ್ಕೆ ಹೋಗುವುದು ಎತೆಲ್ಕಳ ಜಾಮೇ.

ಜಗಳ ವಾರಗಟ್ಟಲೆ ನಡೆಯಿತು. ಕೊನೆಗೆ ಒಂದು ಭಾನುವಾರ ಚರ್ಚಿನ ಪೂಜೆ ಮುಗಿಸಿ ಬರುವಾಗ ಇಬ್ಬರೂ ನನ್ನ ಗೇಟಿನ ಮುಂದೆ ನಿಂತರು.

"ಯೊಲಾನಕ್ಕ, ಬಾ ಇಲ್ಲಿ. ಕೈ ಕಡೀಬೇಕು" ಅಂದಳು ಎತೆಲ್ಕ.

ನಮ್ಮಲ್ಲಿ ಪಂದ್ಯ ಕಟ್ಟಿದವರು ಕೈಗೆ ಕೈ ಹಿಡಿದು ನಿಲ್ಲುತ್ತಾರೆ. ಮೂರನೆಯವರು ಅಂಗೈಯ ಅಂಚಿನಿಂದ ಆ ಹಿಡಿತವನ್ನು ಕಡಿದರೆ ಪಂದ್ಯ ಗಟ್ಟಿಯಾಯಿತು, ಹಿಂದೆ ಸರಿಯುವಂತಿಲ್ಲ. ಈಗಷ್ಟೆ ಪ್ರಸಾದ ತೆಗೆದುಕೊಂಡ ಕೈಯಲ್ಲಿ ಪಂದ್ಯ ಕಡಿಯುವುದೇ ಎಂದು ನಾನು ಹಿಂಜರಿದೆ. "ಸಂಸಾರದಲ್ಲಿ ಶಾಂತಿ ತರೋದು ಪುಣ್ಯದ ಕೆಲಸ" ಅಂದ ಸಿಲಾರ್ಡ್. ಅದೂ ನಿಜವೆನ್ನಿಸಿತು.

ಪಂದ್ಯ ಇಷ್ಟೆ. ಆಗಸ್ಟಿನ ಕೊನೆಯ ಭಾನುವಾರ ನಮ್ಮೂರ ಬಿಲ್ಲುಗಾರರ ಕೂಟ ಹುಲ್ಲುಗಾವಲಿನಲ್ಲಿ ಸೇರುತ್ತದೆ. ಯಾರೇ ಹೊಸ ಬಾಣ ತಂದರೂ ಅವರು ಅದನ್ನು ಓಕ್ ಹಲಗೆಗೆ ಹೊಡೆದು ನೋಡುತ್ತಾರೆ. ಮೊನೆ ಮುರಿಯದೆ, ಬಾಗದೆ ಉಳಿದರೆ ಮಾತ್ರ ಅದಕ್ಕೆ ಕೂಟದ ಬತ್ತಳಿಕೆಯಲ್ಲಿ ಜಾಗ. ಸಿಲಾರ್ಡನ ಬಾಣಗಳು ಗೆದ್ದರೆ ಕುಲುಮೆ ಅಲ್ಲೇ ಉಳಿಯುತ್ತದೆ, ಎತೆಲ್ಕ ಅಂಗಳದಲ್ಲಿ ತಗಡಿನ ಚಪ್ಪರದ ಕೆಳಗೆ ಜಾಮ್ ಕಾಯಿಸುತ್ತಾಳೆ. ಸೋತರೆ ಸೋಮವಾರವೇ ಕುಲುಮೆ ಕೆಡವಬೇಕು.

ನಾನು ಕೈ ಕಡಿದೆ.

ಆ ಬೇಸಿಗೆಯೆಲ್ಲ ಬೇಲಿಯಾಚೆಯಿಂದ ಟಣ್ ಟಣ್ ಎಂಬ ಸದ್ದು. ಮೊದಮೊದಲು ಕಿರಿಕಿರಿಯಾಗುತ್ತಿತ್ತು. ಆಮೇಲೆ ನನ್ನ ಜಪದ ಮಣಿಗಳೂ ಅವನ ಸುತ್ತಿಗೆಯೂ ಹೇಗೋ ಒಂದಕ್ಕೊಂದು ಹೊಂದಿಕೊಂಡುಬಿಟ್ಟವು. ಮಧ್ಯಾಹ್ನದ ಚರ್ಚಿನ ಗಂಟೆಗೆ ಅವನು ಸುತ್ತಿಗೆ ಕೆಳಗಿಟ್ಟು ಟೋಪಿ ತೆಗೆಯುತ್ತಿದ್ದ. ನಾನು ಬೇಲಿಯ ಹತ್ತಿರ ಹೋಗಿ ನಿಂತರೆ ಮಾತಿಗೆ ಶುರು.

ಅವನ ಹಟ ಒಂದೇ, ಎಲ್ಲ ಹಳೆಯ ಕಾಲದವರ ಹಾಗೇ ಆಗಬೇಕು. ಕರೆಂಟಿನ ಫ್ಯಾನು ಬೇಡ, ಸಾಣೆ ಹಿಡಿಯುವ ಯಂತ್ರ ಬೇಡ. ಗುಜರಿಯಿಂದ ಹುಲ್ಲು ಗೋರುವ ಯಂತ್ರದ ಹಳೆಯ ಹಲ್ಲುಗಳನ್ನು ತರುತ್ತಿದ್ದ. ಅದು ಒಳ್ಳೆಯ ಉಕ್ಕಂತೆ. ಇದ್ದಿಲಿನಲ್ಲಿ ಕೆಂಪಗೆ ಕಾಯಿಸಿ, ಒಂದು ತುದಿಯನ್ನು ಎಲೆಯ ಹಾಗೆ ತಟ್ಟಿ, ಇನ್ನೊಂದು ತುದಿಯನ್ನು ಇಲಿಬಾಲದ ಹಾಗೆ ಸಣ್ಣಗೆ ಎಳೆಯುತ್ತಿದ್ದ. ಆ ಬಾಲ ಬಾಣದ ಕಡ್ಡಿಯೊಳಕ್ಕೆ ಹೋಗುವುದು. ರೂಪ ಬಂದ ಮೇಲೆ ಮತ್ತೆ ಕಾಯಿಸಿ ಎಣ್ಣೆಗೆ ಅದ್ದುವುದು, ಆಗ ಗಟ್ಟಿ. ಬರೀ ಗಟ್ಟಿಯಾದರೆ ಗಾಜಿನ ಹಾಗೆ ಒಡೆಯುತ್ತದೆ ಎಂದು ಸಣ್ಣ ಬಿಸಿಯಲ್ಲಿ ಗೋಧಿ ಹುಲ್ಲಿನ ಬಣ್ಣ ಬರುವ ತನಕ ಹದ ಮಾಡುವುದು. ಅದ್ದುತ್ತಿದ್ದ ಎಣ್ಣೆ ಎತೆಲ್ಕಳ ಸೂರ್ಯಕಾಂತಿ ಎಣ್ಣೆ. ಕೇರಿಗೆಲ್ಲ ಏನೋ ಕರಿದ ವಾಸನೆ ಬಂದು, ತಿಂಡಿ ಮಾತ್ರ ಯಾರಿಗೂ ಸಿಗುತ್ತಿರಲಿಲ್ಲ.

ಮೊದಲಿನವು ಸೌತೆಕಾಯಿ ಬೀಜದ ಹಾಗಿದ್ದವು. ಆಮೇಲಿನವು ಸುಟ್ಟು ಕಿಡಿ ಕಿಡಿಯಾಗಿ ಹೋದವು. ಜುಲೈ ಹೊತ್ತಿಗೆ ಅವನ ಕೈಯಲ್ಲಿ ನಿಜವಾದ ಬಾಣದ ಮೊನೆ ಮೂಡಿತು. ನನಗೆ ಬೇಲಿಯ ಮೇಲಿಂದ ಕೊಟ್ಟ. ನೀಳವಾಗಿ, ನಡುವೆ ಸಣ್ಣ ಏಣು ಎದ್ದು, ಅಂಗೈಯಲ್ಲಿ ಆರಿಹೋದ ಕಪ್ಪು ಜ್ವಾಲೆಯ ಹಾಗೆ ಕೂತಿತ್ತು. ಕಬ್ಬಿಣ ಉಜ್ಜಿ ಸವೆಸುವ ಅರ ತಂದು ಅದರ ಅಂಚಿಗೆ ಉಜ್ಜಿ ತೋರಿಸಿದ. ಅರ ಕಚ್ಚದೆ ಜಾರಿತು.

"ನೋಡಿದೆಯಾ ಯೊಲಾನಕ್ಕ? ಅರಕ್ಕೂ ಬಗ್ಗಲ್ಲ."

"ದೇವರು ದೊಡ್ಡವನು. ಎತೆಲ್ಕಳಿಗೆ ತೋರಿಸಿದೆಯಾ?"

"ತೋರಿಸಿದೆ. ಹಲ್ಲಿನ ಸಂದಿಯಿಂದ ಮಾಂಸದ ಚೂರು ತೆಗೆಯೋಕೆ ಆಗುತ್ತೆ ಅಂದಳು."

ಕೂಟದ ದಿನ ಹುಲ್ಲುಗಾವಲಿನಲ್ಲಿ ಜನ, ಹುರಿದ ಸಾಸೇಜಿನ ಹೊಗೆ, ನಾಲ್ಕಾರು ಕುದುರೆ. ಕೂಟದ ಮುಖ್ಯಸ್ಥೆ ಕಿಂಚೋ ಪಶುವೈದ್ಯೆ. ಗರ್ಭ ಕಟ್ಟಿದ ಹಸುವಿನ ಹತ್ತಿರವೂ, ಬಿಲ್ಲಿನ ಹತ್ತಿರವೂ ಅವಳದು ಅದೇ ನಿಧಾನ. ಅವಳ ಪಕ್ಕದಲ್ಲಿ ಕಟುಕರ ಅಂಗಡಿಯ ಕಾಜ್ಮೇರ್. ಅವನ ಬಾಣಕ್ಕೆ ಪಟ್ಟಣದಿಂದ ತರಿಸಿದ, ಯಂತ್ರದಲ್ಲಿ ಕಡೆದ ಮೊನೆ.

ಸಿಲಾರ್ಡ್ ತನ್ನ ಬಾಣಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮಗುವಿನ ಹಾಗೆ ತಂದಿದ್ದ. ಕಿಂಚೋ ಒಂದನ್ನು ತೆಗೆದು ಬೆರಳ ಮೇಲೆ ತೂಗಿದಳು.

"ಚೆನ್ನಾಗಿದೆ ಸಿಲಾರ್ಡ್ ಮಾಮ. ಕಡ್ಡಿಗೆ ಹೇಗೆ ಕೂರಿಸಿದ್ದೀರಿ?"

"ಹಳೆಯ ರೀತಿ ಕಣಮ್ಮ. ಬಾಲ ಕೆಂಪಗೆ ಕಾಯಿಸಿ ಕಡ್ಡಿಯೊಳಕ್ಕೆ ಒತ್ತೋದು. ಅದು ಮರವನ್ನ ಸುಟ್ಟುಕೊಂಡು ತನ್ನ ಜಾಗ ತಾನೇ ಮಾಡಿಕೊಳ್ಳುತ್ತೆ."

ಅವಳು ಬಿಲ್ಲೆಳೆದು ಬಿಟ್ಟಳು. ಬಾಣ ಹಲಗೆಗೆ ಬಡಿದು ಕೆಳಗೆ ಬಿತ್ತು. ಮೊನೆ ಪಕ್ಕಕ್ಕೆ ಬಾಗಿತ್ತು. ಎರಡನೆಯದು ಬಿಟ್ಟಳು, ಅದೂ ಬಾಗಿತು. ಮೂರನೆಯದು ಪೂರ್ತಿ ಮಡಚಿಕೊಂಡಿತು. ಕಾಜ್ಮೇರ್ ಅದನ್ನು ಎತ್ತಿ ಹಿಡಿದ.

"ಸಿಲಾರ್ಡ್, ಇದು ಶತ್ರುವಿಗೆ ಹೊಡೆಯೋಕಾ, ಶತ್ರುವಿನ ಕೋಟು ನೇತುಹಾಕೋಕಾ?"

ನಗು ಹುಲ್ಲುಗಾವಲಿನ ಆ ತುದಿಯವರೆಗೂ ಹೋಯಿತು. ಸಿಲಾರ್ಡನೂ ನಗಲು ನೋಡಿದ, ಮುಖ ಒಪ್ಪಲಿಲ್ಲ. ಉಳಿದವೂ ಒಂದೊಂದಾಗಿ ಬಾಗಿದವು. ಒಂದು ಮಾತ್ರ ಹಲಗೆಯೊಳಕ್ಕೆ ಹೊಕ್ಕು, ನೆಟ್ಟಗೆ ನಿಂತು ನಡುಗಿತು.

"ಇದು ಒಳ್ಳೆಯದು. ಆದರೆ ಒಂದು ಬಾಣದಿಂದ ಬತ್ತಳಿಕೆ ತುಂಬಲ್ಲ ಮಾಮ. ಮುಂದಿನ ವರ್ಷ ನೋಡೋಣ" ಅಂದಳು ಕಿಂಚೋ, ತಗ್ಗಿದ ದನಿಯಲ್ಲಿ.

ಮನೆಗೆ ಬರುವ ದಾರಿಯಲ್ಲಿ ಎತೆಲ್ಕ ತಲೆ ತಗ್ಗಿಸಿ ನಡೆದಳು. ಗೆದ್ದವಳ ನಡಿಗೆಯಾಗಿರಲಿಲ್ಲ ಅದು.

ಸೋಮವಾರ ಬೆಳಿಗ್ಗೆ ಅವನು ಉಳಿ ಹಿಡಿದು ಕುಲುಮೆ ಬಿಚ್ಚಲು ಕೂತ. ಜೇಡಿಮಣ್ಣು ಮೆತ್ತಿ ಕಟ್ಟಿದ್ದರಿಂದ ಇಟ್ಟಿಗೆ ಸುಲಭಕ್ಕೆ ಬಿಡಲಿಲ್ಲ. ಎತೆಲ್ಕ ಹೊಸ್ತಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತು, "ನಿಧಾನ ಮಾಡು, ಇಟ್ಟಿಗೆ ಒಡೀಬೇಡ" ಅಂದಳು. ಇಟ್ಟಿಗೆ ಅವಳಿಗೇಕೆ ಬೇಕು ಎಂದು ನಾನು ಕೇಳಲಿಲ್ಲ. ಇಬ್ಬರೂ ಸೇರಿ ಗೋಡೆಗೆ ಸುಣ್ಣ ಬಳಿದರು, ಒಲೆ ಹೊತ್ತು ತಂದರು, ಹಂಡೆ ಏರಿಸಿದರು.

ಆ ವಾರದಲ್ಲೇ ಪ್ಲಮ್ ಬಂತು. ಬೀಜ ತೆಗೆಯಲು ನಾನೂ ಹೋದೆ. ಸಿಲಾರ್ಡನ ಕೈಗೆ ಉದ್ದನೆಯ ಮರದ ಸೌಟು ಸಿಕ್ಕಿತು. ತಿರುವುತ್ತಲೇ ಇದ್ದ, ಮುಖ ಮಾತ್ರ ಹಂಡೆಯ ತಳದಲ್ಲಿ. ಹೊತ್ತು ಏರಿದ ಮೇಲೆ ಎತೆಲ್ಕಳಿಗೆ ತಡೆಯಲಾಗಲಿಲ್ಲ.

"ಆ ಕಾಜ್ಮೇರ್ ನಕ್ಕಿದ್ದು ನನಗೆ ಸರಿಬರಲಿಲ್ಲ."

"ನೀನೂ ಎಷ್ಟು ನಕ್ಕಿದ್ದೀಯ."

"ನಿನ್ನನ್ನ ನೋಡಿ ನಗೋದು ನನ್ನ ಕೆಲಸ, ಅವನದ್ದಲ್ಲ. ಈಗ ಹೇಳು, ಅರಕ್ಕೆ ಬಗ್ಗದ್ದು ಹಲಗೆಗೆ ಹೇಗೆ ಬಗ್ಗಿತು?"

ಅವನಿಗೂ ಹೇಳಿಕೊಳ್ಳಬೇಕಿತ್ತು. "ಹದ ಮೊದಲೇ ಮಾಡಿದೆ, ಅದು ಸರಿಯಾಗೇ ಇತ್ತು. ಆಮೇಲೆ ಕಡ್ಡಿಗೆ ಕೂರಿಸೋಕೆ ಬಾಲ ಕಾಯಿಸಿದೆನಲ್ಲ, ಆ ಬಿಸಿ ಮೆಲ್ಲಗೆ ಮೊನೆಗೂ ಏರಿ ಹದ ಕೆಡಿಸಿಬಿಟ್ಟಿದೆ. ಒಂದನ್ನ ಕೂರಿಸುವಾಗ ಕಡ್ಡಿ ಸೀಳಿಹೋಯಿತು ಅಂತ, ಅದರ ಬದಲು ಬಾಲ ಕಾಯಿಸದ ಇನ್ನೊಂದು ಮೊನೆಯನ್ನ ಬೇರೆ ಕಡ್ಡಿಗೆ ತೂತು ಕೊರೆದು ಪೈನ್ ಮರದ ಅಂಟಲ್ಲಿ ಕೂರಿಸಿದ್ದೆ. ಹಲಗೆಯಲ್ಲಿ ನಿಂತಿದ್ದು ಅದೇ."

"ಹಾಗಾದರೆ ಎಲ್ಲವನ್ನೂ ಅಂಟಲ್ಲೇ ಕೂರಿಸು."

"ಅದು ಹಳೆಯ ರೀತಿ ಅಲ್ಲ."

"ಅಯ್ಯೋ, ಈ ಮನುಷ್ಯನ ಹಳೆಯ ರೀತಿ!" ಎತೆಲ್ಕ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. "ಒಂದು ತುದಿ ಕಾಯಬೇಕು, ಇನ್ನೊಂದು ತಣ್ಣಗಿರಬೇಕು. ಅಷ್ಟೇ ತಾನೇ?"

"ಅಷ್ಟೇ. ಹೇಳೋದು ಸುಲಭ."

ಅವಳು ಎದ್ದು ಬುಟ್ಟಿಯಿಂದ ಒಂದು ದಪ್ಪ ಆಲೂಗಡ್ಡೆ ತಂದಳು. "ಮೊನೆಯನ್ನ ಇದರೊಳಗೆ ಚುಚ್ಚು. ಇದರ ತುಂಬ ನೀರೇ ಇದೆ, ಬೇಯೋಕೆ ಎಷ್ಟು ಹೊತ್ತು ಬೇಕು ಅಂತ ನನಗೆ ಗೊತ್ತಿಲ್ಲವಾ?"

ಸಿಲಾರ್ಡನ ಸೌಟು ನಿಂತಿತು.

"ತಿರುವು, ತಿರುವು! ತಳ ಹಿಡಿಯುತ್ತೆ!" ಎಂದು ಅವಳು ಕೂಗಿದ್ದಕ್ಕೆ ನಾನೇ ಓಡಿಹೋಗಿ ಸೌಟು ಹಿಡಿದೆ. ಅವನು ಶೆಡ್ಡಿನಿಂದ ಉಳಿದಿದ್ದ ಒಂದು ಮೊನೆ, ಕಡ್ಡಿ, ಇಕ್ಕಳ, ಒಂದು ತಗಡಿನ ಕೊಳವೆ ತಂದ. ಹಂಡೆಯ ಕೆಳಗಿನ ಕೆಂಡವನ್ನು ಪಕ್ಕಕ್ಕೆ ಎಳೆದು, ಆಲೂಗಡ್ಡೆಯಿಂದ ಹೊರಗೆ ಚಾಚಿದ ಬಾಲವನ್ನು ಅದರಲ್ಲಿಟ್ಟು ಕೊಳವೆಯಲ್ಲಿ ಊದಿದ. ಎತೆಲ್ಕ ಅವನ ಪಕ್ಕ ಮಂಡಿಯೂರಿದಳು. ಬಾಲ ಕೆಂಪಾಯಿತು. ಆಲೂಗಡ್ಡೆ ಚುಸ್ಸೆಂದು ಆವಿ ಬಿಟ್ಟಿತು. ಅವನು ಅದನ್ನು ಕಡ್ಡಿಗೆ ಒತ್ತಿದಾಗ ಸುಟ್ಟ ಮರದ ಹೊಗೆ ಎದ್ದು ಇಬ್ಬರ ಕಣ್ಣಲ್ಲೂ ನೀರು ಬಂತು. ಆರಿದ ಮೇಲೆ ಆಲೂಗಡ್ಡೆ ಕಿತ್ತು ಅರ ಉಜ್ಜಿದ.

ಅರ ಜಾರಿತು.

ಮತ್ತೊಮ್ಮೆ ಉಜ್ಜಿದ. ಆಮೇಲೆ ಅರವನ್ನು ಹೆಂಡತಿಯ ಕೈಗೆ ಕೊಟ್ಟ. ಅವಳೂ ಉಜ್ಜಿ ನೋಡಿದಳು. "ಹ್ಞೂಂ" ಅಂದಳು, ಉಪ್ಪು ನೋಡಿದವರ ಹಾಗೆ.

ಅಂದು ಸಂಜೆ ಬಿಲ್ಲುಗಾರರು ಹುಲ್ಲುಗಾವಲಿನಲ್ಲಿ ಅಭ್ಯಾಸ ಮಾಡುವ ದಿನ. ಜಾಮಿನ ಕಲೆಯ ಏಪ್ರನ್ನಿನಲ್ಲೇ ಎತೆಲ್ಕ ಆ ಬಾಣ ಹಿಡಿದು ಹೊರಟಳು. ಹಿಂದೆ ಸಿಲಾರ್ಡ್, "ಎತೆಲ್ಕ, ನಾಳೆ ಹೋಗೋಣ ಕಣೇ, ಏಪ್ರನ್ನಾದರೂ ಬಿಚ್ಚು" ಅನ್ನುತ್ತಾ. ಹಂಡೆ ಇಳಿಸಿ ಮುಚ್ಚಿದ್ದರಿಂದ ನಾನೂ ಹೋದೆ.

ಕಿಂಚೋ ಬಾಣವನ್ನು ನೋಡಿದಳು, ಎತೆಲ್ಕಳನ್ನು ನೋಡಿದಳು, ಬಿಲ್ಲೆತ್ತಿದಳು. ಬಾಣ ಓಕ್ ಹಲಗೆಯೊಳಕ್ಕೆ ಹೋಯಿತು. ಕೀಳಲು ಕಾಜ್ಮೇರನೇ ಬರಬೇಕಾಯಿತು. ಕಿತ್ತು, ಮೊನೆಯನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿದ. ನೂಲಿನಷ್ಟೂ ಬಾಗಿರಲಿಲ್ಲ.

"ಕೋಟು ನೇತುಹಾಕ್ತೀಯಾ?" ಎಂದು ಕೇಳಿದಳು ಎತೆಲ್ಕ.

"ಇಲ್ಲ ಅಕ್ಕ, ಇದು ಕೋಟನ್ನೇ ತೂತು ಮಾಡುತ್ತೆ" ಅಂದ ಅವನು, ಕಿವಿ ಕೆಂಪಾಗಿ.

ಕಿಂಚೋ ನಕ್ಕಳು. "ಬತ್ತಳಿಕೆ ತುಂಬ ಇಂಥವು ಬೇಕು ಮಾಮ. ಯಾವಾಗ ಕೊಡ್ತೀರಿ?"

ಸಿಲಾರ್ಡ್ ಶೂ ನೋಡಿಕೊಂಡ. "ಕುಲುಮೆ ಇಲ್ಲವಲ್ಲಮ್ಮ. ಪಂದ್ಯ ಸೋತೆ. ಯೊಲಾನಕ್ಕ ಕೈ ಕಡಿದಿದ್ದಾಳೆ, ಅದನ್ನ ಮೀರೋ ಹಾಗಿಲ್ಲ."

"ಮೀರು ಅಂತ ಯಾರು ಹೇಳಿದರು?" ಎತೆಲ್ಕ ಅವನ ಕಡೆ ತಿರುಗಿದಳು. "ಕೆಡವಬೇಕು ಅಂತಿತ್ತು, ಕೆಡವಿದೆ. ಪಂದ್ಯ ಅಲ್ಲಿಗೆ ತೀರಿತು. ಜಾಮ್ ಮುಗಿದ ಮೇಲೆ ಮುಂದಿನ ಪ್ಲಮ್‌ವರೆಗೆ ಆ ಕೋಣೆಯಲ್ಲಿ ನನಗೇನು ಕೆಲಸ? ಇಲಿ ಸಾಕಲಾ? ಮತ್ತೆ ಕಟ್ಟು. ಆದರೆ ಈ ಸಲ ಜೇಡಿಮಣ್ಣು ಮೆತ್ತಬೇಡ, ಇಟ್ಟಿಗೆ ಬರಿದೇ ಜೋಡಿಸು. ಹಣ್ಣು ಬಂದಾಗ ಬಿಚ್ಚಬೇಕು."

ಸಿಲಾರ್ಡ್ ಎಲ್ಲರ ಎದುರಿಗೇ ಅವಳ ಅಂಟುಗೈಯನ್ನು ಎತ್ತಿ ಮುತ್ತಿಟ್ಟ. "ಥೂ, ಜಾಮು!" ಎಂದು ಅವಳು ಕೈ ಎಳೆದುಕೊಂಡಳು, ತುಸು ತಡವಾಗಿ.

ಈಗ ಕೂಟದ ಬತ್ತಳಿಕೆಯಲ್ಲಿ ಸಿಲಾರ್ಡನ ಬಾಣಗಳೇ ಹೆಚ್ಚು. ಪಕ್ಕದ ಊರುಗಳಿಂದಲೂ ಕೇಳಿಕೊಂಡು ಬರುತ್ತಾರೆ. ಚಳಿಗಾಲದಲ್ಲಿ ಆ ಕೋಣೆ ನಮ್ಮ ಬೀದಿಯಲ್ಲೆಲ್ಲ ಬೆಚ್ಚಗಿನ ಜಾಗ. ಎತೆಲ್ಕ ಹೆಣಿಗೆ ಹಿಡಿದು ಅಲ್ಲೇ ಕೂರುತ್ತಾಳೆ, ಆಲೂಗಡ್ಡೆ ಆರಿಸಿ ಕೊಡುವುದು ಅವಳೇ. ಸಣ್ಣದು ಕೊಟ್ಟರೆ ಅವನು ತಕರಾರು ಮಾಡುತ್ತಾನೆ.

ಈ ವರ್ಷ ಬಿಸಿಲು ಹೆಚ್ಚಾಗಿ ಪ್ಲಮ್ ಬೇಗ ಹಣ್ಣಾಯಿತು. ನಿನ್ನೆ ಬೆಳಿಗ್ಗೆ ಬೇಲಿಯಾಚೆ ಇಟ್ಟಿಗೆ ಎತ್ತಿಡುವ ಸದ್ದು, ಜೊತೆಗೆ ಸಿಲಾರ್ಡನ ಗೋಗರೆತ.

"ಇನ್ನೆರಡು ದಿನ ತಡಕೊಳ್ಳೇ. ಅರ್ಧ ಮಾಡಿದ ಮೊನೆಗಳಿವೆ."

"ನನಗೆ ಹೇಳಬೇಡ" ಅಂದಳು ಎತೆಲ್ಕ. "ಮರಕ್ಕೆ ಹೋಗಿ ಹೇಳು."