ಮೂಗಕ್ಕ ಮತ್ತು ನರ್ಸಜ್ಜಿಯ ಅಡುಗೆಮನೆ

ಅವಳನ್ನು ಎಲ್ಲರೂ ಮೂಗಕ್ಕ ಎನ್ನುತ್ತಿದ್ದರು. ಮಾತು ಬಾರದವಳೆಂದು ತಿಳಿಯಬೇಡಿ. ಮಾತಿಗೆ ನಿಂತರೆ ಎದುರಿನವರಿಗೆ ಉಸಿರಾಡಲೂ ಬಿಡುವು ಕೊಡದ ಹೆಂಗಸು. ಆ ಹೆಸರು ಬಂದದ್ದು ಮೂಗಿನಿಂದ. ಮೊಟ್ಟೆಪುಡಿ ತಯಾರಿಸುವ ಕಾರ್ಖಾನೆಯಲ್ಲಿ ಅವಳ ಕೆಲಸವೇ ಮೂಸುವುದು. ಎದುರಿಗೆ ಓಡುವ ಬೆಲ್ಟಿನ ಮೇಲೆ ಸಣ್ಣ ಸ್ಟೀಲ್ ಬಟ್ಟಲುಗಳು ಸಾಲಾಗಿ ಬರುತ್ತಿದ್ದವು, ಒಂದೊಂದರಲ್ಲೂ ಯಂತ್ರ ಒಡೆದು ಸುರಿದ ಮೂರು ಮೊಟ್ಟೆ. ಬಗ್ಗಿ ಮೂಸಬೇಕು. ಚೆನ್ನಾಗಿದ್ದರೆ ಮುಂದಕ್ಕೆ ಬಿಡಬೇಕು, ಕೆಟ್ಟಿದ್ದರೆ ಪಕ್ಕದ ಡ್ರಮ್ಮಿಗೆ ಮಗುಚಬೇಕು. ಬಿಟ್ಟದ್ದೆಲ್ಲ ದೊಡ್ಡ ತೊಟ್ಟಿಗೆ ಬಿದ್ದು, ಒಣಗಿ, ಹಳದಿ ಪುಡಿಯಾಗಿ ಬೇಕರಿಗಳಿಗೆ ಹೋಗುತ್ತಿತ್ತು.

ಹನ್ನೊಂದು ವರ್ಷ ಅವಳು ಆ ಬೆಲ್ಟಿನ ಮುಂದೆ ನಿಂತಳು. ವಾಸನೆ ಕೂದಲಿನಲ್ಲಿ ಮನೆ ಮಾಡಿತ್ತು, ಉಗುರಿನ ಸಂದಿಯಲ್ಲಿ ಕೂತಿತ್ತು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ಜನ ನಿಂತೇ ಹೋಗುತ್ತಿದ್ದರು. ಅವಳು ಅದಕ್ಕೆ ತಲೆ ಕೆಡಿಸಿಕೊಂಡವಳಲ್ಲ. ಕಾಲು ಚಾಚಿ ಕೂತುಕೊಳ್ಳಲು ಜಾಗ ಸಿಕ್ಕಿತಲ್ಲ ಎನ್ನುತ್ತಿದ್ದಳು.

ಎಲ್ಲ ಕೆಟ್ಟದ್ದು ಒಂದು ಬೇಸಿಗೆಯ ಮಧ್ಯಾಹ್ನ. ಮೊಟ್ಟೆ ತರುವ ತಂಪು ಲಾರಿ ದಾರಿಯಲ್ಲಿ ಕೆಟ್ಟು ಎರಡು ದಿನ ಬಿಸಿಲಿಗೆ ನಿಂತಿತ್ತು. ಬಟ್ಟಲುಗಳಲ್ಲಿ ಬಂದದ್ದು ಹಳದಿಯಲ್ಲ. ಬೂದು ಬಣ್ಣದ ಲೋಳೆ, ನಡುವೆ ಹಸಿರು ಎಳೆ. ನಾತ ಮೂಗಿಗೆ ಬಡಿಯುವ ಬದಲು ನೇರವಾಗಿ ಗಂಟಲಿಗೆ ಇಳಿಯುತ್ತಿತ್ತು. ಅವಳು ಒಂದಾದ ಮೇಲೊಂದು ಮಗುಚತೊಡಗಿದಳು. ಡ್ರಮ್ಮು ತುಂಬಿತು. ಸೂಪರ್‌ವೈಸರ್ ಬಂದ.

"ಸಾಕು ನಿಲ್ಸಮ್ಮ. ಇವನ್ನೆಲ್ಲ ಮುಂದಕ್ಕೆ ಬಿಡು."

"ಸಾರ್, ಹಸಿರು ತಿರುಗಿದೆ. ಬಗ್ಗಿ ನೋಡಿ."

"ನೀನು ಮೂಸಬೇಡ, ಆಗ ವಾಸನೆ ಬರಲ್ಲ. ಪುಡಿ ಆದ್ಮೇಲೆ ಯಾರಿಗೆ ಗೊತ್ತಾಗುತ್ತೆ? ಸಕ್ಕರೆ ಬೀಳುತ್ತೆ, ವೆನಿಲ್ಲಾ ಬೀಳುತ್ತೆ, ಮಕ್ಕಳು ಬಾಯಿ ಚಪ್ಪರಿಸ್ಕೊಂಡು ತಿಂತಾವೆ."

ಹೇಳಿದವನೇ ಒಂದು ಬಟ್ಟಲಿಗೆ ಬೆರಳು ಅದ್ದಿ, ನಗುತ್ತಾ ಆ ಲೋಳೆಯನ್ನು ಅವಳ ಏಪ್ರನ್ನಿಗೇ ಒರೆಸಿದ. ಮೂಗಕ್ಕನಿಗೆ ಹೇಸಿಗೆಯಾಯಿತು. ಮೊಟ್ಟೆಗಲ್ಲ, ಆ ಬೆರಳಿಗೆ. ಆ ನಗುವಿಗೆ. ಅವಳು ಬೆಲ್ಟು ಬಿಟ್ಟು ನಡೆದು ಹೋಗಿ ತೊಟ್ಟಿಯ ಅಡಿಯ ಕೆಂಪು ಹಿಡಿಯನ್ನು ಎರಡೂ ಕೈಯಿಂದ ಎಳೆದಳು. ಆ ಹೊತ್ತಿನವರೆಗೆ ಕೂಡಿದ್ದ ರಸವೆಲ್ಲ ನೆಲದ ಮೋರಿಗೆ ಹರಿಯಿತು. ಆಮೇಲೆ ಅಲ್ಲೇ ಕುಕ್ಕರಿಸಿ, ಕೈಗವಸು ತೊಟ್ಟ ಬೊಗಸೆಯಲ್ಲೇ ವಾಂತಿ ಮಾಡಿದಳು. ಸಂಜೆಯೊಳಗೆ ಕೆಲಸ ಹೋಗಿತ್ತು.

ಕೆಲಸ ಹೋದರೂ ನಾತ ಹೋಗಲಿಲ್ಲ. ಮರುದಿನದಿಂದ ಮೊಟ್ಟೆ ಕಂಡರಾಗದು. ವಾರದಲ್ಲಿ ಮಾಂಸ, ಮೀನೂ ಆಗದಾಯಿತು. ತಿಂಗಳು ಕಳೆಯುವಷ್ಟರಲ್ಲಿ ಹಾಲು ಕಾಯಿಸಿದರೆ ಹಸುವಿನ ಮೈ ಬೆವರಿದ ವಾಸನೆ, ಬೆಣ್ಣೆ ಕರಗಿಸಿದರೆ ಹಳೆಯ ಗಾಯದ ವಾಸನೆ. ಪ್ರಾಣಿಯ ಮೈಯಿಂದ ಬಂದದ್ದು ಯಾವುದೂ ಗಂಟಲು ದಾಟುತ್ತಿರಲಿಲ್ಲ. ಕಾಲೇಜಿಗೆ ಹೋಗುವ ಮಗಳು, "ಅಮ್ಮಾ, ಇದಕ್ಕೊಂದು ಹೆಸರಿದೆ. ವೀಗನ್ ಅಂತಾರೆ. ತುಂಬ ಜನ ಬೇಕು ಅಂತಾನೇ ಹೀಗಿರ್ತಾರೆ" ಎಂದಳು.

"ಹೆಸರು ಬೇರೆ ಇಟ್ಟಿದಾರಾ? ಹಾಗಾದ್ರೆ ಕಾಯಿಲೆನೇ" ಎಂದಳು ಮೂಗಕ್ಕನ ಅತ್ತೆ.

ಆ ಮನೆಯಲ್ಲಿ ಅಡುಗೆ ಅತ್ತೆಯ ರಾಜ್ಯ. ಮುಂಜಾನೆಯಿಂದ ಒಲೆಯ ಮೇಲೆ ಮೂಳೆ ಕುದಿಯುತ್ತಿರುತ್ತಿತ್ತು. ಸೊಸೆ ಉಪ್ಪು ಹಚ್ಚಿದ ಬ್ರೆಡ್ಡು ಹಿಡಿದು ಮೆಟ್ಟಿಲ ಮೇಲೆ ಕೂತು ತಿನ್ನುವುದು ಅತ್ತೆಗೆ ಅವಮಾನ. ಲಿಫ್ಟ್ ರಿಪೇರಿ ಕೆಲಸದ ಗಂಡ ಇಬ್ಬರ ನಡುವೆ ಸಿಕ್ಕಿ, ಊಟ ಮಾಡುವಾಗ ಗೋಡೆ ನೋಡುತ್ತಿದ್ದ.

ಒಂದು ಭಾನುವಾರ ಗಂಡನ ಮೇಲಧಿಕಾರಿ ಊಟಕ್ಕೆ ಬಂದ. ಅತ್ತೆ ಅಪರೂಪಕ್ಕೆ ಸೊಸೆಗೆಂದೇ ಬೀನ್ಸ್ ಬೇಯಿಸಿದ್ದಳು. ಮೂಗಕ್ಕನ ಕಣ್ಣು ತುಂಬಿ ಬಂತು. ಮೊದಲ ತುತ್ತು ಬಾಯಿಗಿಟ್ಟಳು. ನಾಲಿಗೆಗೆ ತಾಗಿದ್ದು ಜಾರುವ ಜಿಡ್ಡು, ಮಾಂಸದ ಕೊಬ್ಬು.

"ಒಂದೇ ಒಂದು ಚಮಚ ಹಾಕಿದ್ದು ಕಣೆ" ಎಂದಳು ಅತ್ತೆ. "ಗೊತ್ತೇ ಆಗಲ್ಲ ಅಂದ್ಕೊಂಡೆ."

ಗೊತ್ತೇ ಆಗುವುದಿಲ್ಲ! ಸೂಪರ್‌ವೈಸರನ ಮಾತು ಈಗ ತನ್ನದೇ ಮನೆಯ ಮೇಜಿನ ಮೇಲೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ಓಡಿದಳು. ಮೂರನೇ ಅಂತಸ್ತಿನ ತಮ್ಮ ಮನೆಯಿಂದ ಕೆಳಗಿನವರೆಗೆ ತಡೆದಳು. ಕೊನೆಗೆ ತಡೆಯಲಾರದೆ ಕೆಳಮನೆಯ ಬಾಗಿಲೆದುರೇ ಕಕ್ಕಿಬಿಟ್ಟಳು.

ಬಾಗಿಲು ತೆರೆಯಿತು. ನರ್ಸಜ್ಜಿ ನಿಂತಿದ್ದಳು.

ನರ್ಸಜ್ಜಿ ಎಂದರೆ ಆ ಬೀದಿಗೇ ಹಿರಿಯಳು. ನಲವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದು ನಿವೃತ್ತಳಾದವಳು, ಒಂಟಿ. ಆ ಕಟ್ಟಡದ ಅರ್ಧ ಮಕ್ಕಳು ಅವಳ ಕೈಯ ಸೂಜಿ ಚುಚ್ಚಿಸಿಕೊಂಡು ಬೆಳೆದವರು. ನೀರಿನ ಜಗಳವಾಗಲಿ, ಗಂಡಹೆಂಡಿರ ಜಗಳವಾಗಲಿ, ಅವಳ ಬಾಗಿಲಿಗೆ ಬಂದರೆ ದನಿ ತಗ್ಗುತ್ತಿತ್ತು. ಅವಳು ನೆಲ ನೋಡಿದಳು, ಮೂಗಕ್ಕನ ಮುಖ ನೋಡಿದಳು.

"ಎಷ್ಟು ತಿಂಗಳು?"

"ಅಯ್ಯೋ ಅಜ್ಜಿ, ಅದಲ್ಲ! ನಂಗೀಗ ನಲವತ್ತಾರು."

"ಹಾಗಾದ್ರೆ ಒಳಗೆ ಬಾ. ಮೊದ್ಲು ಬಾಯಿ ತೊಳ್ಕೊ, ಆಮೇಲೆ ಹೇಳು."

"ನೆಲ ಒರೆಸಿಬಿಡ್ತೀನಿ..."

"ನಾನು ಒರೆಸ್ತೀನಿ. ಇದಕ್ಕಿಂತ ಕೆಟ್ಟದ್ದು ಒರೆಸಿದ ಕೈ ಇದು."

ಮೂಗಕ್ಕ ಎಲ್ಲವನ್ನೂ ಹೇಳಿದಳು: ಬಟ್ಟಲು, ಬೆರಳು, ಕೆಂಪು ಹಿಡಿ, ಬೀನ್ಸು. ಇಷ್ಟು ದಿನ ಕೇಳಿದವರೆಲ್ಲ ಒಂದೋ ನಕ್ಕಿದ್ದರು, ಇಲ್ಲವೇ ಡಾಕ್ಟರ ವಿಳಾಸ ಕೊಟ್ಟಿದ್ದರು. ಅಜ್ಜಿ ಎರಡನ್ನೂ ಮಾಡಲಿಲ್ಲ.

"ನಂಗೂ ಕೀವಿನ ವಾಸನೆ ಕೊನೇವರೆಗೂ ಅಭ್ಯಾಸ ಆಗ್ಲಿಲ್ಲ ಕಣಮ್ಮ. ಆಗಿದೆ ಅಂತ ನಟಿಸ್ತಿದ್ದೆ ಅಷ್ಟೆ. ಅಸಹ್ಯ ಆಗೋದು ತಪ್ಪಲ್ಲ. ಆದ್ರೆ ಹೊಟ್ಟೆ ಖಾಲಿ ಇಡೋದು ತಪ್ಪು. ನಾಳೆ ಹತ್ತು ಗಂಟೆಗೆ ಬಾ. ನನ್ನ ಒಲೆ ಸುಮ್ನೆ ಕೂತಿರುತ್ತೆ, ನಿಂಗೆ ಬೇಕಾದ್ದು ಬೇಯಿಸ್ಕೊ."

ಮರುದಿನ ಹೋದರೆ ಅಡುಗೆಮನೆ ಸೋಪಿನ ವಾಸನೆ ಬಿಟ್ಟರೆ ಬೇರೇನೂ ಬರದಂತಿತ್ತು. ಪಾತ್ರೆಗಳನ್ನೆಲ್ಲ ಸೋಡಾ ಹಾಕಿ ಉಜ್ಜಿ ಬೋರಲು ಹಾಕಲಾಗಿತ್ತು. ಮೂಗಕ್ಕ ಕೆಲಸದ ರೂಢಿಯಲ್ಲೇ ಒಂದೊಂದು ಪಾತ್ರೆಗೂ ಮೂಗು ತೂರಿಸಿ ನೋಡಿದಳು. ಅಜ್ಜಿ ಕುರ್ಚಿಯಲ್ಲಿ ಕೈಕಟ್ಟಿ, ಪರೀಕ್ಷೆಯ ಫಲಿತಾಂಶ ಕಾಯುವ ಹುಡುಗಿಯಂತೆ ಕೂತಿದ್ದಳು.

"ಪಾಸಾ?"

"ಪಾಸು ಅಜ್ಜಿ."

ಅಡುಗೆ ಮಾತ್ರ ಮೊದಮೊದಲು ಫೇಲು. ಅತ್ತೆಯ ಒಲೆಯ ಹತ್ತಿರ ಸುಳಿಯದ ಸೊಸೆಗೆ ಈರುಳ್ಳಿ ಹುರಿಯುವುದೂ ಬರುತ್ತಿರಲಿಲ್ಲ. ಕಡಲೆಕಾಯಿ ನೆನೆಸಿ ರುಬ್ಬಿ ಹಾಲು ಹಿಂಡಿದಳು. ಅದು ಸುಣ್ಣದ ನೀರಿನಂತಾಯಿತು. ಬೇಯಿಸಿದ ಕಾಳನ್ನು ಅರೆದು ಬ್ರೆಡ್ಡಿಗೆ ಹಚ್ಚಿಕೊಟ್ಟರೆ, ಅಜ್ಜಿ ಅಗಿದು ಅಗಿದು ನುಂಗಿ, "ಇಟ್ಟಿಗೆ ಕೂಡಿಸೋಕೆ ಚೆನ್ನಾಗಿದೆ" ಎಂದಳು. ಆದರೂ ತಟ್ಟೆ ಖಾಲಿ ಮಾಡಿದಳು. ಬರಬರುತ್ತಾ ಕೈ ಪಳಗಿತು. ಯಾವುದು ಸೀದಿತು, ಯಾವುದು ಇನ್ನೊಂದು ಕ್ಷಣದಲ್ಲಿ ಸೀಯುತ್ತದೆ ಎಂಬುದು ಅವಳ ಮೂಗಿಗೆ ಕಣ್ಣಿಗಿಂತ ಮೊದಲೇ ತಿಳಿಯುತ್ತಿತ್ತು. ಬೆಳ್ಳುಳ್ಳಿ ಸುಟ್ಟು ಹಾಕಿದ ಬೇಳೆಯ ಸೂಪು, ಎಳ್ಳಿನ ಪುಡಿ ಉದುರಿಸಿದ ಕುಂಬಳಕಾಯಿ, ಕಡಲೆಕಾಯಿ ಹಾಲಿನಲ್ಲಿ ಬೆಂದ ಆಲೂಗಡ್ಡೆ. ಎರಡನೇ ಅಂತಸ್ತಿನ ಬಾಣಂತಿ ವಾಸನೆ ಹಿಡಿದು ಬಂದು ಬಟ್ಟಲು ಚಾಚಿದ ದಿನ ಮೂಗಕ್ಕ ಒಲೆಗೆ ಬೆನ್ನು ಮಾಡಿ ನಿಂತು ಅತ್ತಳು.

ಅಜ್ಜಿಗೆ ಧನ್ಯವಾದ ಹೇಳಲು ಬಾಯಿ ತೆರೆದಾಗಲೆಲ್ಲ, "ಅದನ್ನ ತಿನ್ನೋಕಾಗುತ್ತಾ? ಸೂಪಿಗೆ ಇನ್ನೊಂಚೂರು ನಿಂಬೆಹಣ್ಣು ಹಿಂಡು" ಎಂಬ ಉತ್ತರ ಬರುತ್ತಿತ್ತು.

ಎರಡು ವರ್ಷ ಹೀಗೆ ಹೋಯಿತು. ಆಮೇಲೆ ನರ್ಸಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಸ್ಪತ್ರೆಯಿಂದ ಮನೆಗೆ ಬರುವಾಗ ಮೈ ತೂಕ ಅರ್ಧಕ್ಕೆ ಇಳಿದಿತ್ತು. ಮಲಗಿ ಮಲಗಿಯೇ ಬೆನ್ನಿನ ಕೆಳಭಾಗದಲ್ಲಿ ಆದ ಅಂಗೈ ಅಗಲದ ಹುಣ್ಣು.

ಅಜ್ಜಿಯ ಅಣ್ಣನ ಮಗ ಹೆಂಡತಿಯೊಡನೆ ಬಂದ. ಬಾಗಿಲಿನ ಹೊಸ್ತಿಲು ದಾಟಲಿಲ್ಲ. ಸೆಂಟು ಹಾಕಿದ ಕರವಸ್ತ್ರ ಮೂಗಿಗೆ ಒತ್ತಿಕೊಂಡು, "ಅತ್ತೆ, ಚೆನ್ನಾಗಿದೀರಾ?" ಎಂದ. ಹೆಂಡತಿ ಹಣ್ಣಿನ ಚೀಲವನ್ನು ನೆಲದ ಮೇಲಿಟ್ಟು ಕಾಲಿನಿಂದ ಒಳಗೆ ತಳ್ಳಿದಳು. "ಎಂಥ ವಾಸನೆ ರೀ, ಕಿಟಕಿ ಆದ್ರೂ ತೆಗೀಬಾರ್ದಾ" ಎಂದು ಪಿಸುಗುಟ್ಟಿದ್ದು ಹಾಸಿಗೆಯವರೆಗೂ ಕೇಳಿಸಿತು. ಐದು ನಿಮಿಷದಲ್ಲಿ ಇಬ್ಬರೂ ಹೊರಟರು. ಆ ಸೆಂಟಿನ ವಾಸನೆ ಮಾತ್ರ ಕೋಣೆಯಲ್ಲೇ ಉಳಿಯಿತು. ಮೂಗಕ್ಕನಿಗೆ ಹುಣ್ಣಿಗಿಂತ ಅದೇ ಹೆಚ್ಚು ಗಬ್ಬೆನಿಸಿತು.

ಹಾಗೆಂದು ಹುಣ್ಣು ಕಂಡು ಅವಳಿಗೆ ಏನೂ ಆಗಲಿಲ್ಲವೆಂದರೆ ಸುಳ್ಳಾದೀತು. ಮೊದಲ ದಿನ ಬ್ಯಾಂಡೇಜು ಬಿಚ್ಚಿದಾಗ ಹಳದಿ ಕೀವು ಬಟ್ಟೆಗೆ ಅಂಟಿ ಎಳೆಯೆಳೆಯಾಗಿ ಬಂತು. ಅದೇ ಲೋಳೆ, ಅದೇ ಸಿಹಿ ಕೊಳೆತ ನಾತ. ಅವಳ ಮೈಯೆಲ್ಲ ಜುಮ್ಮೆಂದು ಬೆವರಿತು, ಬಾಯಲ್ಲಿ ನೀರು ತುಂಬಿತು.

"ವಾಂತಿ ಬಂದ್ರೆ ಹೋಗಿ ಮಾಡ್ಕೊಂಡು ಬಾ" ಎಂದಳು ದಿಂಬಿನಲ್ಲಿ ಮುಖವಿಟ್ಟಿದ್ದ ಅಜ್ಜಿ. "ನಾನೆಲ್ಲೂ ಓಡಿ ಹೋಗಲ್ಲ."

ಮೂಗಕ್ಕ ಹೋದಳು, ವಾಂತಿ ಮಾಡಿದಳು, ಮುಖ ತೊಳೆದು ಬಂದಳು. ಮತ್ತೆ ಒರೆಸಿದಳು. ಮತ್ತೊಮ್ಮೆ ಓಡಿದಳು. ಆ ದಿನ ಒಂದು ಬ್ಯಾಂಡೇಜು ಕಟ್ಟಲು ಮುಕ್ಕಾಲು ಗಂಟೆ ಹಿಡಿಯಿತು. ತಿಂಗಳ ಕೊನೆಗೆ ಇಪ್ಪತ್ತು ನಿಮಿಷಕ್ಕೆ ಇಳಿಯಿತು. ವಾಂತಿ ನಿಂತಿತು, ಅಸಹ್ಯ ನಿಲ್ಲಲಿಲ್ಲ. ಪ್ರತಿದಿನವೂ ಹಲ್ಲು ಕಚ್ಚಿಕೊಂಡೇ ಮಾಡಿದಳು.

ಹುಣ್ಣು ಮಾಯಲು ಪುಷ್ಟಿಯ ಊಟ ಬೇಕೆಂದು ಡಾಕ್ಟರು ಹೇಳಿದ್ದರು. ಮೂಗಕ್ಕ ತನಗೆ ಗೊತ್ತಿದ್ದ ಕಾಳುಗಳನ್ನೆಲ್ಲ ಬೇಯಿಸಿದಳು. ಅಜ್ಜಿ ಎರಡು ಚಮಚಕ್ಕೆ ಮುಖ ತಿರುಗಿಸುತ್ತಿದ್ದಳು. ಏನು ಬೇಕು ಎಂದರೆ ಏನೂ ಬೇಡ ಎನ್ನುವಳು.

ಒಂದು ಬೆಳಿಗ್ಗೆ ಬೀದಿಯ ಹಾಲಿನವನು ಬಾಗಿಲಲ್ಲಿ ನಿಂತು ಅಜ್ಜಿಯ ಆರೋಗ್ಯ ವಿಚಾರಿಸಿದ. ಸೈಕಲ್ಲಿನ ಕ್ಯಾನಿನ ವಾಸನೆಗೆ ಮೂಗಕ್ಕ ಎರಡು ಹೆಜ್ಜೆ ಹಿಂದೆ ಸರಿದಳು.

"ಹಾಲು ಕೊಡ್ಲಾಮ್ಮ ಈಗಲಾದ್ರೂ? ಎರಡು ವರ್ಷ ಆಯ್ತು ಅವರು ನಿಲ್ಸಿ. ಹಾಲಿನ ಟೀ ಇಲ್ದೆ ಅವರ ಬೆಳಗೇ ಆಗ್ತಿರ್ಲಿಲ್ಲ. ಜೊತೆಗೆ ದಿನಾ ಒಂದು ಮೊಟ್ಟೆ, ಅದೂ ನನ್ ಹತ್ರಾನೇ. ಒಂದಿನ ಇದ್ದಕ್ಕಿದ್ದಂಗೆ ಎರಡೂ ಬೇಡ ಅಂದ್ರು. ಅಡುಗೆಮನೆಗೆ ಯಾರೋ ಬರ್ತಾರೆ, ಅವರಿಗೆ ಆಗಲ್ಲ ಅಂದ್ರು."

ಮೂಗಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಎರಡು ವರ್ಷ ಎಂಬತ್ತರ ಮುದುಕಿಯೊಬ್ಬಳು ತನ್ನದೇ ಮನೆಯಲ್ಲಿ ತನಗಿಷ್ಟದ ಟೀ ಬಿಟ್ಟು ಕಡಲೆಕಾಯಿಯ ಸುಣ್ಣದ ನೀರು ಕುಡಿದಿದ್ದಾಳೆ. ಆ ಹೊತ್ತಿಗೆ ಅವಳಿಗೆ ಎಲ್ಲಕ್ಕಿಂತ ಹೇಸಿಗೆಯಾದದ್ದು ತನ್ನ ಮೇಲೆಯೇ.

"ಯಾಕಜ್ಜಿ ಹೇಳ್ಲಿಲ್ಲ?" ಎಂದಳು ಹಾಸಿಗೆಯ ಕಡೆ ತಿರುಗಿ.

"ಹೇಳಿದ್ರೆ ನೀನು ಬರ್ತಿದ್ಯಾ?"

ಮೂಗಕ್ಕ ಹಾಲಿನವನಿಂದ ಒಂದು ಮೊಟ್ಟೆ ಕೊಂಡಳು. ಕರವಸ್ತ್ರದಲ್ಲಿ ಸುತ್ತಿ, ಕೈ ದೂರಕ್ಕೆ ಚಾಚಿ, ಸತ್ತ ಇಲಿಯನ್ನು ಹಿಡಿದಂತೆ ಹಿಡಿದು ತಂದಳು. ನೀರು ಕುದಿಯಿತು. ಹಬೆಯೊಡನೆ ಆ ವಾಸನೆ ಎದ್ದಿತು. ಹನ್ನೊಂದು ವರ್ಷವೂ ಒಟ್ಟಿಗೆ ಎದ್ದು ಬಂದಂತೆ ಅವಳು ಒಲೆಯ ಕಟ್ಟೆ ಹಿಡಿದು ಓಕರಿಸುತ್ತಾ ನಿಂತಿರುವಾಗ, ಹಿಂದಿನಿಂದ ಯಾರೋ ಭುಜ ಹಿಡಿದು ಪಕ್ಕಕ್ಕೆ ಸರಿಸಿದರು. ಅತ್ತೆ. ಅಜ್ಜಿಯನ್ನು ನೋಡಲು ಇಳಿದು ಬಂದವಳು ಬಾಗಿಲಲ್ಲೇ ನಿಂತು ಎಲ್ಲ ನೋಡಿದ್ದಳು.

"ಕೊಡಿಲ್ಲಿ ಸೌಟು. ಹೋಗು, ಕಿಟಕಿ ಹತ್ರ ಹೋಗಿ ನಿಂತ್ಕೊ."

"ಅತ್ತೆ, ಆ ಪಾತ್ರೆ ಆಮೇಲೆ..."

"ಗೊತ್ತು ಕಣೆ. ಮೇಲೆ ತಗೊಂಡು ಹೋಗ್ತೀನಿ, ಇಲ್ಲಿಡಲ್ಲ." ಒಲೆಯನ್ನೇ ನೋಡುತ್ತಾ ಅತ್ತೆ ಹೇಳಿದಳು: "ಅವತ್ತು ಆ ಬೀನ್ಸಿಗೆ ಕೊಬ್ಬು ಹಾಕಬಾರದಿತ್ತು."

ಸುಲಿದು ಕೊಟ್ಟ ಮೊಟ್ಟೆಯನ್ನು ಮಾತ್ರ ಮೂಗಕ್ಕನೇ ತೆಗೆದುಕೊಂಡು ಹೋದಳು. ಉಸಿರು ಬಿಗಿಹಿಡಿದು, ಮುಖ ಒಂದು ಕಡೆ ತಿರುಗಿಸಿ, ಚಮಚದಲ್ಲಿ ತುಂಡು ಮಾಡಿ ತಿನ್ನಿಸಿದಳು. ಎರಡು ತಿಂಗಳಲ್ಲಿ ಮೊದಲ ಬಾರಿಗೆ ಅಜ್ಜಿ ತಟ್ಟೆಯಲ್ಲಿ ಏನೂ ಉಳಿಸಲಿಲ್ಲ.

"ಜಾಸ್ತಿ ಬೆಂದಿದೆ. ನಿನ್ನ ಮುಖ ನೋಡಿದ್ರೆ ವಿಷ ಹಾಕಿದ ಹಾಗಿದೆ" ಎಂದಳು.

"ಧನ್ಯವಾದ ಅಜ್ಜಿ" ಎಂದಳು ಮೂಗಕ್ಕ, ಮೂಗು ಮುಚ್ಚಿಕೊಂಡೇ. ಅಜ್ಜಿ ಈ ಸಲ ತಡೆಯಲಿಲ್ಲ. ಎರಡು ವರ್ಷದಿಂದ ಗಂಟಲಲ್ಲಿ ನಿಂತದ್ದೆಲ್ಲ ಹೊರಗೆ ಬರುವವರೆಗೆ ಕೇಳಿಸಿಕೊಂಡಳು.

ಹುಣ್ಣು ಮಾಯಲು ನಾಲ್ಕು ತಿಂಗಳು ಹಿಡಿಯಿತು. ನರ್ಸಜ್ಜಿ ಈಗ ವಾಕರ್ ಹಿಡಿದು ಬಾಗಿಲವರೆಗೆ ಬರುತ್ತಾಳೆ, ಜಗಳಗಳನ್ನು ಅಲ್ಲಿಂದಲೇ ಬಗೆಹರಿಸುತ್ತಾಳೆ. ಆಕೆಯ ಟೀ, ಮೊಟ್ಟೆ ಅತ್ತೆಯ ಒಲೆಯಲ್ಲಿ ಸಿದ್ಧವಾಗಿ ಮೂರನೇ ಅಂತಸ್ತಿನಿಂದ ಮುಚ್ಚಿದ ಡಬ್ಬಿಯಲ್ಲಿ ಇಳಿಯುತ್ತವೆ. ಮೂಗಕ್ಕ ಬದಲಾಗಿಲ್ಲ, ಡಬ್ಬಿ ತೆರೆದರೆ ಇಂದಿಗೂ ಮುಖ ಸಿಂಡರಿಸುತ್ತಾಳೆ, ಬೇಕರಿ ಬಂದರೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಾಳೆ. ಮೊಟ್ಟೆಪುಡಿಯ ಕಾರ್ಖಾನೆ ನಡೆಯುತ್ತಲೇ ಇದೆ. ಭಾನುವಾರ ಮಾತ್ರ ಎಲ್ಲರೂ ಕೆಳಗೆ ಊಟಕ್ಕೆ ಸೇರುತ್ತಾರೆ. ಅತ್ತೆ ತನ್ನ ಪಾತ್ರೆಯೊಡನೆ ಮೇಜಿನ ಆ ತುದಿಯಲ್ಲಿ, ಮೂಗಕ್ಕ ತನ್ನದರೊಡನೆ ಈ ತುದಿಯಲ್ಲಿ, ಗಂಡ, ಮಗಳು ಅತ್ತಿತ್ತ. ನಡುವೆ ಕೂತ ಅಜ್ಜಿ ಎರಡೂ ಕಡೆಗೆ ತಟ್ಟೆ ಚಾಚುತ್ತಾಳೆ.