ಮಿಲ್ಟ್ರಿ ಮನೆಗೆ ಬಂದ ಮೇಲೆ

ಬೀದಿಯವರಿಗೆ ಅವನು ‘ಮಿಲ್ಟ್ರಿ’. ಸೈನ್ಯದಿಂದ ನಿವೃತ್ತನಾಗಿ ಬಂದ ದಿನ ಎಲ್ಲರೂ ಕೈಕುಲುಕಿ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರು. ವಾರ ಕಳೆಯುವಷ್ಟರಲ್ಲಿ ಅವರೇ ಒಬ್ಬೊಬ್ಬರಾಗಿ ಹಲ್ಲು ಗಿಂಜುತ್ತಾ ಬಂದು, ಸೈನಿಕರ ಕ್ಯಾಂಟೀನಿನಿಂದ ಅಗ್ಗದ ಬಾಟಲಿ ತಂದುಕೊಡು ಎಂದರು. ಬೀದಿಯ ದೇಶಪ್ರೇಮವೆಲ್ಲ ಅಷ್ಟೇ.

ಸೈನ್ಯ ಅವನಿಗೆ ಕೊಟ್ಟದ್ದೇನೂ ಕಡಿಮೆಯಲ್ಲ. ಓದು ತಲೆಗೆ ಹತ್ತದ ಹುಡುಗನಿಗೆ ಅನ್ನ, ಬಟ್ಟೆ, ಮರ್ಯಾದೆ ಕೊಟ್ಟಿತು. ಬದುಕಿರುವವರೆಗೆ ಪಿಂಚಣಿ, ಮನೆಯವರಿಗೆಲ್ಲ ಪುಕ್ಕಟೆ ಆಸ್ಪತ್ರೆ. ಆದರೆ ಫಿರಂಗಿಯ ಸದ್ದಿಗೆ ಅವನ ಎಡಗಿವಿ ಹೋಯಿತು, ದೂರದ ಗಡಿಗಳಲ್ಲಿ ನಿಂತು ನಿಂತು ಮಗಳ ಬಾಲ್ಯವೇ ಕೈತಪ್ಪಿತು. ಕಿವಿಗೆ ಮಷೀನು ಕೊಟ್ಟರು. ಬಾಲ್ಯಕ್ಕೆ ಯಾರೂ ಏನೂ ಕೊಡಲಿಲ್ಲ.

ಅವನಿಗೀಗ ಬೇಕಿದ್ದದ್ದು ಒಂದೇ, ಈ ಮನೆಯವನಾಗುವುದು. ಆದರೆ ಮನೆ ಅವನಿಲ್ಲದೆ ನಡೆಯುವುದನ್ನು ಕಲಿತುಬಿಟ್ಟಿತ್ತು. ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು ಹಾಕಿಕೊಂಡು ಹೆಸರು ಮಾಡಿದ್ದಳು. ಮಗಳು ಏನು ಬೇಕಾದರೂ ಅವನನ್ನು ದಾಟಿಕೊಂಡು ಹೋಗಿ ಅಮ್ಮನನ್ನೇ ಕೇಳುತ್ತಿದ್ದಳು. ಸುಮ್ಮನಿರಲಾರದೆ ಅವನು ಎಲ್ಲದರಲ್ಲೂ ಮೂಗು ತೂರಿಸಿದ. ಚಪ್ಪಲಿ ಸಾಲಾಗಿರಬೇಕು, ಹೊದಿಕೆ ಚೌಕವಾಗಿ ಮಡಚಿರಬೇಕು.

“ಅಪ್ಪ, ಇದು ಬ್ಯಾರಕ್ ಅಲ್ಲ” ಎಂದು ಮಗಳು ರಪ್ಪನೆ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಹೆಂಡತಿ ಗುಂಡಿ ತರಲು ಪೇಟೆಗೆ ಹೋದಳು. ಆಸ್ಪತ್ರೆಯ ನರ್ಸುಗಳ ಕೋಟುಗಳಿಗೆ ಬಟ್ಟೆ ಕತ್ತರಿಸಿ, ಒಬ್ಬೊಬ್ಬಳ ಅಳತೆಯ ತೋಳು, ಕಾಲರು, ಬೆನ್ನು, ಜೇಬುಗಳನ್ನು ಒಂದೊಂದು ಗಂಟಾಗಿ ಕಟ್ಟಿಟ್ಟಿದ್ದಳು. ನೆಲದ ತುಂಬ ಗಂಟುಗಳು ಬಿದ್ದಿದ್ದವು. ಅದನ್ನು ಕಂಡು ಮಿಲ್ಟ್ರಿಗೆ ಮೈ ಪರಚಿಕೊಳ್ಳುವಂತಾಯಿತು. ಸೈನ್ಯದ ಉಗ್ರಾಣದಲ್ಲಿ ಬೂಟಿನ ಜೊತೆ ಬೂಟು, ಬೆಲ್ಟಿನ ಜೊತೆ ಬೆಲ್ಟು. ಅವನು ಗಂಟುಗಳನ್ನೆಲ್ಲ ಬಿಚ್ಚಿದ. ತೋಳುಗಳದ್ದೇ ಒಂದು ರಾಶಿ, ಕಾಲರುಗಳದ್ದೇ ಒಂದು ರಾಶಿ ಮಾಡಿ, ಇಸ್ತ್ರಿ ಹಾಕಿ, ಅಂಚಿಗೆ ಅಂಚು ಕೂಡಿಸಿ ಪೇರಿಸಿದ. ಇವತ್ತಾದರೂ ಅವಳು ಮೆಚ್ಚುತ್ತಾಳೆ ಎಂದು ಬಾಗಿಲಲ್ಲಿ ಎದೆಯುಬ್ಬಿಸಿ ನಿಂತ.

ಬಂದವಳು ಗುಂಡಿಯ ಪೊಟ್ಟಣ ಬದಿಗೆಸೆದು ರಾಶಿಗಳನ್ನು ಕೆದಕತೊಡಗಿದಳು.

“ಯಾವ ತೋಳು ಯಾರದ್ದು ಅಂತ ಈಗ ಯಾರನ್ನ ಕೇಳ್ಲಿ? ನಾಳೆ ಕೊಡ್ಬೇಕಿತ್ತು ರೀ!”

“ಎಲ್ಲಾ ಬಿಳಿ ಬಟ್ಟೆ ತಾನೇ? ಸೇರಿಸಿ ಹೊಲಿ.”

“ನಿಮ್ಮಲ್ಲಿ ಕೊಟ್ಟ ಅಂಗಿಗೆ ಮೈ ಹೊಂದಿಸ್ಕೋತಾರೆ. ಇಲ್ಲಿ ಮೈ ನೋಡ್ಕೊಂಡು ಹೊಲೀಬೇಕು!”

ಅವನಿಗೆ ಸಿಟ್ಟು ನೆತ್ತಿಗೇರಿತು. “ದೇಶ ಕಾದವನಿಗೆ ಮನೇಲಿ ಇಷ್ಟೂ ಬೆಲೆ ಇಲ್ವಾ?”

“ದೇಶ ಕಾದ್ರಿ, ಸರಿ. ಈ ಮನೆ ಕಾದಿದ್ದು ಯಾರು?”

ಅವನು ತಾನೇ ಜೋಡಿ ಹುಡುಕಿಕೊಡೋಣವೆಂದು ಬಗ್ಗಿ ಒಂದು ತೋಳು ಎತ್ತಿಕೊಂಡ. ಅವಳು ಅದನ್ನು ಕೈಯಿಂದ ಕಿತ್ತುಕೊಂಡಳು.

“ಮುಟ್ಬೇಡಿ. ನೀವು ರಜಕ್ಕೆ ಬರ್ತಿದ್ದಾಗ್ಲೇ ಚೆನ್ನಾಗಿತ್ತು. ವಾಪಸ್ ಹೋಗೋ ದಿನ ಆದ್ರೂ ಗೊತ್ತಿರ್ತಿತ್ತು.”

ಅವನಿಗೆ ಬಹಳ ನೋವಾಯಿತು.

ಆ ತಿಂಗಳೇ ದೂರದ ಕಾರ್ಖಾನೆಯೊಂದರ ಗೇಟು ಕಾಯುವ ಕೆಲಸ ಹಿಡಿದ; ಇರಲು ಅಲ್ಲೇ ಒಂದು ಕೋಣೆಯನ್ನೂ ಕೊಟ್ಟರು. ಈಗ ಆಗಾಗ ರಜಕ್ಕೆ ಬರುತ್ತಾನೆ. ಬಂದಾಗ ಹೆಂಡತಿಯೂ ಮಗಳೂ ಅವನನ್ನು ಬಹಳ ಚೆನ್ನಾಗಿ ನೋಡಿಕೊಳ್ಳುತ್ತಾರೆ.